ಬಾವಿಲ್ಲದ ಬ್ಯಾನಿ

ವಿಜಯಪುರದ ಗೋಳಗುಮ್ಮಟ ನೋಡಲು ಬಂದವರು ಗುಮ್ಮಟದ ಅಗಲ ಎಷ್ಟು ಎಂದು ಕೇಳುತ್ತಾರೆ, ಪಿಸುಗುಟ್ಟುವ ಗ್ಯಾಲರಿಯಲ್ಲಿ ನಿಂತು ಕೂಗಿ ನೋಡುತ್ತಾರೆ. ಅದರಡಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹನ ಕೊನೆಯ ಹತ್ತು ವರ್ಷಗಳ ಮಾತು ಅಲ್ಲಿ ಅಷ್ಟಾಗಿ ಬರುವುದಿಲ್ಲ. 1646ರಲ್ಲಿ ಕಾಯಿಲೆ ಬಿದ್ದ ಆ ಸುಲ್ತಾನ 1656ರಲ್ಲಿ ತೀರಿಕೊಳ್ಳುವವರೆಗೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ರಾಜ್ಯದ ವ್ಯವಹಾರದಲ್ಲಿ ರಾಣಿ ಬಡೀ ಸಾಹಿಬಾಳ ಕೈ ಹೆಚ್ಚಿತು. ಶಿವಾಜಿ ಕೋಟೆಗಳನ್ನು ಒಂದೊಂದಾಗಿ ಹಿಡಿದದ್ದೂ ಇದೇ ಅವಧಿಯಲ್ಲಿ. ಹಾಗಾಗಿ ಇತಿಹಾಸಕಾರರು ಸುಲ್ತಾನನ ಕಾಯಿಲೆಯನ್ನು ಗುರುತು ಹಾಕಿಕೊಂಡರು. ಅದೇ ಹತ್ತು ವರ್ಷ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯ ಎರೆಹೊಲಗಳಲ್ಲಿ ಜೋಳ ಕಿತ್ತ ಹೆಂಗಸರ ಸೊಂಟ ಹೇಗಿತ್ತು, ಕೈ ಹೇಗಿತ್ತು ಎಂದು ಬರೆದಿಡುವ ಅಗತ್ಯ ಯಾರಿಗೂ ಬೀಳಲಿಲ್ಲ.

ನೋವಿಗೆ ಚರಿತ್ರೆ ಬರೆಯುವುದು ಇದೇ ಕಾರಣಕ್ಕೆ ಕಷ್ಟ. ಪ್ಲೇಗಿಗೆ ಸತ್ತವರ ಲೆಕ್ಕವಿದೆ, ಬರಕ್ಕೆ ಗಂಜಿ ಕೇಂದ್ರದ ದಾಖಲೆ ಇದೆ. ಕೊಲ್ಲದ, ಊದಿಸದ, ಬಣ್ಣ ಬದಲಿಸದ, ಆದರೆ ಇಪ್ಪತ್ತು ಮೂವತ್ತು ವರ್ಷ ಮೈಯಲ್ಲೇ ಕೂತಿರುವ ನೋವಿಗೆ ಯಾವ ದಾಖಲೆ? ಇಂದು ‘ಫೈಬ್ರೊಮಯಾಲ್ಜಿಯಾ’ ಎಂದು ಕರೆಯುವ ಕಾಯಿಲೆ ಈ ಬಗೆಯದು. ಅದು ಸಂಧಿವಾತದಂಥ ಇನ್ನೊಂದು ಕಾಯಿಲೆಯ ಜೊತೆಗೆ ಬಂದರೆ ಕಷ್ಟ ಇಮ್ಮಡಿ. ಒಂದು ಮೈಗೆ ಒಂದೇ ರೋಗ ಎಂದು ನಂಬುವ ಕಣ್ಣಿಗೆ ಎರಡನೆಯದು ಕಾಣುವುದೇ ಇಲ್ಲ. ಈ ಎರಡನೆಯ ಹೆಸರು ಎಷ್ಟು ಸುತ್ತಿ ಬಳಸಿ ಬಂತು, ಬಂದ ಮೇಲೂ ಎಷ್ಟು ಸಲ ಜಾಗ ಕಳೆದುಕೊಂಡಿತು ಎಂಬುದೇ ಈ ಬರಹದ ವಿಷಯ.

ಬ್ಯಾನಿ ಎಂಬ ಮಾತು

ನಮ್ಮ ಕಡೆ ನೋವಿಗೂ ರೋಗಕ್ಕೂ ಒಂದೇ ಪದ: ಬ್ಯಾನಿ. ಗ್ರಾಂಥಿಕ ಕನ್ನಡದ ‘ಬೇನೆ’ ಅದು. ಸಂಸ್ಕೃತದ ‘ವೇದನಾ’ದ ತದ್ಭವ. ಹೊಟ್ಟೆಬ್ಯಾನಿ, ತಲೆಬ್ಯಾನಿ ಎಂದರೆ ನೋವು. ‘ಆಕಿಗೆ ಏನೋ ಬ್ಯಾನಿ ಹತ್ತೇದ’ ಎಂದರೆ ರೋಗ. ಹೆರಿಗೆ ನೋವು ತಿನ್ನುವುದೂ ಬ್ಯಾನಿಯೇ. ಈ ಭಾಷೆಯಲ್ಲಿ ನೋವು ಎಂಬುದು ಇನ್ಯಾವುದೋ ರೋಗದ ಲಕ್ಷಣವಾಗಿ ನಿಲ್ಲಬೇಕಿಲ್ಲ, ಅದೇ ರೋಗವಾಗಬಹುದು. ಆಸ್ಪತ್ರೆಯ ಭಾಷೆ ಬೇರೆ. ಅಲ್ಲಿ ನೋವು ಬರೀ ‘ಕಂಪ್ಲೇಂಟ್’. ರೋಗ ಯಾವುದೆಂದು ರಕ್ತದ ವರದಿಯೋ ಎಕ್ಸ್‌ರೇಯೋ ಹೇಳಬೇಕು.

ಬ್ಯಾನಿಯ ಒಳಗೂ ನಮ್ಮ ಜನ ಎಷ್ಟೋ ಬಗೆ ಎಣಿಸುತ್ತಾರೆ. ಕಡಿತ ಬೇರೆ, ಸೆಳೆತ ಬೇರೆ, ಚಳಕು ಬೇರೆ, ಉರಿ ಬೇರೆ, ಜೋಮು ಬೇರೆ. ‘ಮೈ ಎಲ್ಲಾ ನುಗ್ಗಾಗ್ಯಾದ’ ಎಂದರೆ ಇವೆಲ್ಲವೂ ಕೂಡಿದ ಸ್ಥಿತಿ. ಬಾವು ಬಂದಿದೆಯೋ ಇಲ್ಲವೋ ಎನ್ನುವುದು ಇನ್ನೂ ಬೇರೆ ಪ್ರಶ್ನೆ. ‘ಬಾವಿಲ್ರಿ, ಬ್ಯಾನಿ ಅಷ್ಟ ಅದ’ ಎಂದು ನಮ್ಮ ಹೆಂಗಸರು ಡಾಕ್ಟರ ಮುಂದೆ ಹೇಳುವ ವಾಕ್ಯದಲ್ಲಿ ವೈದ್ಯಶಾಸ್ತ್ರ ನೂರು ವರ್ಷ ತಡಕಾಡಿದ ವ್ಯತ್ಯಾಸವೊಂದು ಸರಾಗವಾಗಿ ಬಂದುಬಿಡುತ್ತದೆ.

ನಾನು ಹೊರ್ತಿಯವಳು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಬಿಳಿಜೋಳ, ಲಿಂಬಿ, ದ್ರಾಕ್ಷಿ ಮತ್ತು ಬರ ಇವಿಷ್ಟು ಅದರ ಪರಿಚಯ. ಎಂ.ಎ. ಓದುವಾಗ, 23ನೆಯ ವಯಸ್ಸಿಗೆ, ನನಗೆ ರುಮಟಾಯ್ಡ್ ಸಂಧಿವಾತ ಎಂದು ಗೊತ್ತಾಯಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಗಿಣ್ಣುಗಳು ಊದಿ ಕೆಂಪಗಾಗಿರುತ್ತಿದ್ದವು. ರೊಟ್ಟಿ ಬಡಿಯುವ ಮನೆಯಲ್ಲಿ ಇದನ್ನು ಮುಚ್ಚಿಡುವುದು ಆಗದ ಮಾತು. ಎರಡು ವರ್ಷಕ್ಕೆ ಥೈರಾಯ್ಡ್ ಜೊತೆಯಾಯಿತು. 26ಕ್ಕೆ ಮೂರನೆಯ ಹೆಸರು ಬಂತು, ಫೈಬ್ರೊಮಯಾಲ್ಜಿಯಾ. ಮೊದಲನೆಯದಕ್ಕೆ ನನ್ನ ಕೈ ಸಾಕ್ಷಿ, ಎರಡನೆಯದಕ್ಕೆ ರಕ್ತದ ವರದಿ ಸಾಕ್ಷಿ. ಮೂರನೆಯದಕ್ಕೆ ನನ್ನ ಮಾತು ಮಾತ್ರ ಸಾಕ್ಷಿ.

ಇತಿಹಾಸದ ಸಂಶೋಧನೆಯಲ್ಲಿ ನಾವು ಮೊದಲು ಕಲಿಯುವುದೂ ಸಾಕ್ಷ್ಯದ ಪ್ರಶ್ನೆಯನ್ನೇ. ಯಾವುದನ್ನು ಆಕರ ಎಂದು ಒಪ್ಪಬೇಕು, ಯಾರ ಮಾತನ್ನು ನಂಬಬೇಕು? ನನ್ನ ಕಾಯಿಲೆಯ ಚರಿತ್ರೆ ಓದತೊಡಗಿದಾಗ ಇದೇ ಪ್ರಶ್ನೆ ವೈದ್ಯರನ್ನೂ ಕಾಡಿದ್ದು ಕಂಡಿತು.

ಹಳೆಯ ಗ್ರಂಥಗಳಲ್ಲಿ

ಚರಕಸಂಹಿತೆ ವಾತದಿಂದ ಬರುವ ರೋಗಗಳೆಂದು ಎಂಬತ್ತನ್ನು ಎಣಿಸುತ್ತದೆ. ಅದರ ಚಿಕಿತ್ಸಾಸ್ಥಾನದಲ್ಲಿ ವಾತವ್ಯಾಧಿಗೆ ಒಂದು ಅಧ್ಯಾಯ, ಅದರ ಬೆನ್ನಿಗೇ ವಾತರಕ್ತಕ್ಕೆ ಇನ್ನೊಂದು. ಮುಂದೆ ಮಾಧವಕರ ತನ್ನ ನಿದಾನಗ್ರಂಥದಲ್ಲಿ ‘ಆಮವಾತ’ವನ್ನು ಪ್ರತ್ಯೇಕ ರೋಗವಾಗಿಸಿ ಅದಕ್ಕೊಂದು ಅಧ್ಯಾಯ ಕೊಟ್ಟ. ಕೀಲುಗಳು ಊದುವುದು, ಚೇಳು ಕಡಿದ ಹಾಗೆ ನೋಯುವುದು, ಮೈ ಭಾರವಾಗುವುದು, ಅನ್ನ ಸೇರದಿರುವುದು ಅದರ ಲಕ್ಷಣಗಳು. ಊದುವ ನೋವನ್ನೂ ಊದದ ನೋವನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುವ ಅಭ್ಯಾಸ ಹಾಗಾದರೆ ಸಾಕಷ್ಟು ಹಳೆಯದು.

ಕನ್ನಡದಲ್ಲೂ ವೈದ್ಯಸಾಹಿತ್ಯ ಕಡಿಮೆಯೇನಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ನಾಟಕ ಕಲ್ಯಾಣಕಾರಕ’ ಬರೆದ. ಅವನಿಗಿಂತ ತುಸು ಮುಂಚೆ ಕೀರ್ತಿವರ್ಮ ದನಕರುಗಳಿಗಾಗಿ ‘ಗೋವೈದ್ಯ’ ಬರೆದಿದ್ದ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷಚಿಕಿತ್ಸೆಯ ಗ್ರಂಥ. ಬಸವಣ್ಣನವರ ಕಾಲದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬ ವಚನಕಾರನೇ ಇದ್ದ. ಬಿಜ್ಜಳನ ಕಾಲದ್ದೇ ಆದ, 1162ರ ಬಳ್ಳಿಗಾವೆಯ ಕೋಡಿಮಠದ ಶಾಸನ ಆ ಮಠವನ್ನು ಕುಂಟರು, ಕುರುಡರು, ಕಿವುಡರು, ದಿಕ್ಕಿಲ್ಲದವರಿಗೆ ಅನ್ನ ನೀಡುವ ತಾಣವೆಂದೂ ನಾನಾ ರೋಗಿಗಳಿಗೆ ಚಿಕಿತ್ಸೆ ಸಿಗುವ ಸ್ಥಳವೆಂದೂ ವರ್ಣಿಸುತ್ತದೆ.

ನಮ್ಮ ವಿಜಯಪುರದ ಪಾಲೂ ಇದರಲ್ಲಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದ ಫಿರಿಶ್ತಾನನ್ನು ನಾವು ಇತಿಹಾಸಕಾರನೆಂದೇ ಓದುತ್ತೇವೆ. ಆತ ವೈದ್ಯವನ್ನೂ ಬಲ್ಲವನು. ಭಾರತೀಯ ವೈದ್ಯದ ಮೇಲೆ ‘ದಸ್ತೂರುಲ್ ಅತಿಬ್ಬಾ’ ಎಂಬ ಪಾರ್ಸಿ ಗ್ರಂಥ ಬರೆದವನು. ಯುನಾನಿ ಪದ್ಧತಿಯಲ್ಲಿ ಕೀಲುನೋವಿಗೆ ‘ವಜಉಲ್ ಮಫಾಸಿಲ್’, ಕಾಲಿಗಿಳಿಯುವ ನರದ ನೋವಿಗೆ ‘ಇರ್ಕುನ್ನಸಾ’ ಎಂಬ ಹೆಸರುಗಳಿವೆ. ಸುಲ್ತಾನರ ನಾಡಿನ ಹಕೀಮರು ಈ ಎರಡನ್ನೂ ಬೇರೆ ಮಾಡಿ ನೋಡುತ್ತಿದ್ದರು.

ಇಲ್ಲಿ ಒಂದು ಎಚ್ಚರ ಬೇಕು. ಚರಕನ ವಾತವ್ಯಾಧಿಯೇ ಫೈಬ್ರೊಮಯಾಲ್ಜಿಯಾ, ಮಾಧವನ ಆಮವಾತವೇ ರುಮಟಾಯ್ಡ್ ಎಂದು ಗೆರೆ ಎಳೆದು ಜೋಡಿಸುವುದು ಸುಲಭ, ಇಂಥ ಜೋಡಣೆಗಳು ಬೇಕಾದಷ್ಟು ಸಿಗುತ್ತವೆ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ಮೇ 12ರಂದು ಜಗತ್ತಿನಾದ್ಯಂತ ಫೈಬ್ರೊಮಯಾಲ್ಜಿಯಾ ಜಾಗೃತಿ ದಿನ ನಡೆಯುತ್ತದೆ. ಕ್ರಿಮಿಯಾ ಯುದ್ಧದಿಂದ ಬಂದ ಮೇಲೆ ಆಕೆ ವರ್ಷಗಟ್ಟಲೆ ಹಾಸಿಗೆ ಹಿಡಿದದ್ದು ನಿಜ. ಆದರೆ ಆಕೆಯ ಕಾಯಿಲೆ ಬ್ರುಸೆಲ್ಲೋಸಿಸ್ ಆಗಿದ್ದಿರಬಹುದು ಎಂಬ ವಾದವೂ ಗಟ್ಟಿಯಾಗಿದೆ. ಸತ್ತವರ ಮೈಗೆ ಇಂದಿನ ಹೆಸರು ಅಂಟಿಸಿದರೆ ನಮಗೆ ಸಮಾಧಾನವಾಗಬಹುದು, ಚರಿತ್ರೆಯಾಗುವುದಿಲ್ಲ. ಹಳೆಯ ಗ್ರಂಥಗಳಿಂದ ತಿಳಿಯುವುದು ಇಷ್ಟೇ: ಕಣ್ಣಿಗೆ ಕಾಣದ ನೋವಿಗೂ ಆ ವೈದ್ಯರ ಪಟ್ಟಿಯಲ್ಲಿ ಜಾಗವಿತ್ತು.

ಹೆಸರಿಡಲು ಹಿಡಿದ ಕಾಲ

ಯುರೋಪಿನಲ್ಲಿ ಕೀಲುನೋವು ಎಂದರೆ ಬಹುಕಾಲ ಗೌಟ್. ಅದು ಉಂಡು ಕುಡಿದು ಸುಖವಾಗಿರುವವರ ರೋಗ ಎಂಬ ಹೆಸರಿತ್ತು. ವೈದ್ಯರ ಗಮನವೂ ಅತ್ತಲೇ. 1800ರಲ್ಲಿ ಪ್ಯಾರಿಸಿನ ಸಾಲ್‌ಪೆತ್ರಿಯೇರ್ ಆಸ್ಪತ್ರೆಯಲ್ಲಿದ್ದ ಲಾಂದ್ರೆ-ಬೊವೆ ಎಂಬ 28 ವರ್ಷದ ವೈದ್ಯ ತನ್ನ ಪದವಿಗಾಗಿ ಒಂದು ಪ್ರಬಂಧ ಬರೆದ. ಸಾಲ್‌ಪೆತ್ರಿಯೇರ್ ದಿಕ್ಕಿಲ್ಲದ ಬಡ ಹೆಂಗಸರನ್ನು ಇಡುತ್ತಿದ್ದ ಜಾಗ. ಅಲ್ಲಿದ್ದ ಒಂಬತ್ತು ಜನರ ಊದಿದ, ಸೊಟ್ಟಗಾದ ಕೀಲುಗಳನ್ನು ನೋಡಿ ಇದು ಶ್ರೀಮಂತರ ಗೌಟ್ ಅಲ್ಲ, ಬಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಬೇರೆಯೇ ರೋಗ ಎಂದು ಆತ ವಾದಿಸಿದ. ಅದಕ್ಕೆ ಇಂದಿನ ಹೆಸರು ಸಿಕ್ಕಿದ್ದು 1859ರಲ್ಲಿ. ಲಂಡನ್ನಿನ ಆಲ್ಫ್ರೆಡ್ ಗ್ಯಾರೊಡ್ ಅದನ್ನು ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂದ. ಕಣ್ಣಿಗೆ ಹೊಡೆಯುವಂತೆ ಊದಿದ ಬೆರಳಿಗೇ ಹೆಸರು ಬರಲು ಇಷ್ಟು ದಿನ ಬೇಕಾಯಿತು. ಊದದ ನೋವಿನ ಪಾಡು ಹೇಳುವುದೇ ಬೇಡ.

ಅದರ ಕತೆ 1904ರಲ್ಲಿ ಶುರುವಾಗುತ್ತದೆ. ಲಂಡನ್ನಿನ ನರರೋಗ ತಜ್ಞ ವಿಲಿಯಂ ಗವರ್ಸ್ ಸೊಂಟನೋವಿನ ಬಗ್ಗೆ ಉಪನ್ಯಾಸ ಕೊಡುತ್ತ ಮೈಕೈಯ ಮೆದುಭಾಗದ ನೋವಿಗೆ ‘ಫೈಬ್ರೊಸೈಟಿಸ್’ ಎಂದು ಹೆಸರಿಟ್ಟ. ಅರ್ಥ ನಾರಿನಂಥ ಅಂಗಾಂಶದ ಉರಿಯೂತ. ಅದೇ ವರ್ಷ ಗ್ಲಾಸ್ಗೋದ ರಾಲ್ಫ್ ಸ್ಟಾಕ್‌ಮನ್ ಇಂಥವರ ಮೈಯಿಂದ ತೆಗೆದ ತುಣುಕುಗಳಲ್ಲಿ ಉರಿಯೂತ ಕಂಡೆ ಎಂದ. ಆಮೇಲೆ ನೋಡಿದವರಿಗೆ ಅದು ಕಾಣಲಿಲ್ಲ. ಉರಿಯೂತವಿಲ್ಲದ ರೋಗ ಉರಿಯೂತದ ಹೆಸರಿನಲ್ಲೇ ಎಪ್ಪತ್ತು ವರ್ಷ ಬದುಕಿತು. ಮೈಕ್ರೋಸ್ಕೋಪಿನಡಿ ಏನೂ ಕಾಣದಿದ್ದಾಗ ‘ಇದೆಲ್ಲ ಮನಸ್ಸಿನದು’ ಎಂಬ ಷರಾ ಬಿತ್ತು.

ನಡುವೆ ಒಂದು ಅಪ್ಪ-ಮಗನ ಕತೆ ಬರುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ 1948ರಲ್ಲಿ ರುಮಟಾಯ್ಡ್ ಸಂಧಿವಾತದಿಂದ ನಡೆಯಲಾಗದಿದ್ದ 29 ವರ್ಷದ ಹೆಂಗಸಿಗೆ ಮುಂದೆ ಕಾರ್ಟಿಸೋನ್ ಎಂದು ಹೆಸರಾದ ಹಾರ್ಮೋನು ಕೊಟ್ಟ. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರ ನೊಬೆಲ್ ಪ್ರಶಸ್ತಿ ಆತನಿಗೂ ಕೆಂಡಾಲ್, ರೈಖ್‌ಸ್ಟೈನ್ ಎಂಬ ಇನ್ನಿಬ್ಬರಿಗೂ ಬಂತು. ಆತನ ಮಗ ಕಾಲರ್ ಹೆಂಚ್ ಕೂಡ ಕೀಲುರೋಗದ ವೈದ್ಯನಾದ. 1976ರಲ್ಲಿ ‘ಫೈಬ್ರೊಮಯಾಲ್ಜಿಯಾ’ ಎಂಬ ಪದ ಬಳಕೆಗೆ ತಂದವನು ಈತ. ನಾರು, ಸ್ನಾಯು, ನೋವು ಎಂಬ ಮೂರು ತುಣುಕುಗಳ ಪದ. ಉರಿಯೂತದ ಮಾತು ಅದರಲ್ಲಿಲ್ಲ. ಬಾವಿಗೆ ಮದ್ದು ಕಂಡವನು ಅಪ್ಪ, ಬಾವಿಲ್ಲದ ಬ್ಯಾನಿಗೆ ಹೆಸರಿಟ್ಟವನು ಮಗ. ಇಬ್ಬರೂ ನೋಡಿದ ರೋಗಗಳು ಒಂದೇ ಮೈಯಲ್ಲಿ ಕೂಡಿ ಇರಬಲ್ಲವು ಎಂದು ಎಲ್ಲರೂ ಒಪ್ಪಲು ಇನ್ನೂ ನಲವತ್ತು ವರ್ಷ ಬೇಕಿತ್ತು.

ಟೊರಾಂಟೋದ ಹಾರ್ವೆ ಮೊಲ್ಡಾಫ್‌ಸ್ಕಿ ಮತ್ತು ಹ್ಯೂ ಸ್ಮೈಥ್ ನಿದ್ದೆಯ ಕಡೆಯಿಂದ ಬಂದರು. ಆರೋಗ್ಯವಂತರಿಗೆ ಗಾಢನಿದ್ದೆ ಬಾರದಂತೆ ಕೆಲವು ರಾತ್ರಿ ತಡೆದರೆ ಅವರಿಗೂ ಮೈಕೈ ನೋವು ಹತ್ತುತ್ತದೆ ಎಂದು 1975ರಲ್ಲಿ ತೋರಿಸಿದರು. 1981ರಲ್ಲಿ ಇಲಿನಾಯ್ಸ್‌ನ ಮುಹಮ್ಮದ್ ಯೂನುಸ್ ಈ ರೋಗಿಗಳನ್ನು ಆರೋಗ್ಯವಂತರ ಜೊತೆ ಹೋಲಿಸಿ ಲಕ್ಷಣಗಳನ್ನು ಕ್ರಮವಾಗಿ ದಾಖಲಿಸಿದ. 1990ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 16 ಕೇಂದ್ರಗಳಲ್ಲಿ 293 ರೋಗಿಗಳನ್ನೂ ಬೇರೆ ನೋವುಗಳಿದ್ದ 265 ಜನರನ್ನೂ ಪರೀಕ್ಷಿಸಿ ಮಾನದಂಡ ಕೊಟ್ಟಿತು: ಮೂರು ತಿಂಗಳಿಗೂ ಮೀರಿ ಮೈಯ ಎಲ್ಲ ದಿಕ್ಕುಗಳಲ್ಲೂ ನೋವಿರಬೇಕು, ಗೊತ್ತುಪಡಿಸಿದ 18 ಬಿಂದುಗಳನ್ನು ಒತ್ತಿದರೆ ಕನಿಷ್ಠ 11ರಲ್ಲಿ ನೋಯಬೇಕು.

2002ರಲ್ಲಿ ರಿಚರ್ಡ್ ಗ್ರೇಸ್ಲಿ ಮತ್ತು ಸಂಗಡಿಗರು ಹೆಬ್ಬೆಟ್ಟಿನ ಉಗುರನ್ನು ಒತ್ತುತ್ತ ಮೆದುಳಿನ ಸ್ಕ್ಯಾನ್ ತೆಗೆದರು. ಫೈಬ್ರೊಮಯಾಲ್ಜಿಯಾ ಇದ್ದವರಲ್ಲಿ ಮೆಲ್ಲನೆಯ ಒತ್ತಡಕ್ಕೆ ಎದ್ದ ಮೆದುಳಿನ ಚಟುವಟಿಕೆ, ಉಳಿದವರಲ್ಲಿ ಏಳಬೇಕಾದರೆ ಬಹಳ ಹೆಚ್ಚು ಬಲ ಬೇಕಾಯಿತು. ನೋವಿನ ಸುದ್ದಿಯನ್ನು ಹೊತ್ತು ತರುವ ನರವ್ಯೂಹವೇ ದನಿ ಏರಿಸಿಕೊಂಡಿದೆ ಎಂಬ ಇಂದಿನ ವಿವರಣೆಗೆ ಇದು ದೊಡ್ಡ ಆಧಾರವಾಯಿತು. ಅಷ್ಟು ದಿನ ಬರೀ ಮಾತಾಗಿದ್ದದ್ದಕ್ಕೆ ಒಂದು ಚಿತ್ರವೂ ಸಿಕ್ಕಿತು.

ಹಂದಿಗೋಡು

ಕರ್ನಾಟಕದಲ್ಲಿ ನೋವೊಂದು ಹೆಸರು ಪಡೆದ ಕತೆ ನೋಡಬೇಕಾದರೆ ಸಾಗರ ತಾಲ್ಲೂಕಿನ ಹಂದಿಗೋಡಿಗೆ ಹೋಗಬೇಕು. ಕೋಡಿಮಠದ ಬಳ್ಳಿಗಾವೆ ಇರುವ ಶಿಕಾರಿಪುರ ಅದರ ಪಕ್ಕದ ತಾಲ್ಲೂಕು. 1974-75ರ ಹೊತ್ತಿಗೆ ಹಂದಿಗೋಡಿನ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿ, ಬೆನ್ನು ನೋಯತೊಡಗಿ, ನಡಿಗೆ ಸೊಟ್ಟಗಾಗಿ, ಕೊನೆಗೆ ನಡೆಯಲಾಗದ ಸ್ಥಿತಿ ಬರುತ್ತಿರುವುದು ಹೊರಜಗತ್ತಿಗೆ ತಿಳಿಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿ 1977ರಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ವರದಿ ಮಾಡಿದರು. ಗದ್ದೆಗೆ ಹೊಡೆದ ಕೀಟನಾಶಕ, ಗದ್ದೆಯ ಏಡಿ ಮೀನು ತಿಂದವರಿಗೆ ತಗಲಿತೇ ಎಂಬ ಅನುಮಾನ ಮೊದಲು ಬಲವಾಗಿತ್ತು. ಮುಂದಿನ ಅಧ್ಯಯನಗಳು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ವಂಶವಾಹಿಯ ದೋಷದತ್ತ ಬೊಟ್ಟು ಮಾಡಿದವು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲೂ ರೋಗಿಗಳು ಸಿಕ್ಕರು. ರೋಗಕ್ಕೆ ಊರಿನ ಹೆಸರೇ ನಿಂತಿತು.

ಅದೇ ಜಿಲ್ಲೆಯ ಕ್ಯಾಸನೂರಿನ ಹೆಸರಿನ ಮಂಗನಕಾಯಿಲೆಯನ್ನು ಇದರ ಪಕ್ಕಕ್ಕಿಟ್ಟು ನೋಡಬಹುದು. 1957ರಲ್ಲಿ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಸ್ವಲ್ಪ ದಿನಗಳಲ್ಲೇ ವೈರಸ್ ಪತ್ತೆಯಾಯಿತು. ಅದು ಕೊಲ್ಲುವ ರೋಗ, ಹರಡುವ ರೋಗ, ಎಲ್ಲರಿಗೂ ಭಯ. ಹಂದಿಗೋಡಿನದು ಒಂದೆರಡು ಸಮುದಾಯಗಳ ಒಳಗೇ ನಿಂತ ನೋವು. ವಂಶದಲ್ಲೇ ಇಳಿದು ಬಂದದ್ದಾದರೆ 1974ಕ್ಕೂ ಮೊದಲು ಆ ಕೇರಿಗಳಲ್ಲಿ ಅದು ಇದ್ದಿರಲೇಬೇಕು. ಆಗ ಅದನ್ನು ಯಾರು ಕೇಳಿದರು? ಕೊನೆಗೆ ನೋವಿಗೆ ಸಾಕ್ಷಿ ನುಡಿದದ್ದು ಎಕ್ಸ್‌ರೇಯಲ್ಲಿ ಕಂಡ ಸವೆದ ಸೊಂಟದ ಕೀಲು. ಆ ಸವೆತ ಕಾಣದಿದ್ದಿದ್ದರೆ ಈ ಕುಟುಂಬಗಳ ಮಾತು ಹೈದರಾಬಾದಿನವರೆಗೆ ಹೋಗುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

‘ಜೊತೆಗೆ’ ಎಂಬ ಪದ

1990ರ ಮಾನದಂಡದಲ್ಲಿ ಹೆಚ್ಚು ಚರ್ಚೆಯಾದದ್ದು 18 ಬಿಂದುಗಳು. ನನ್ನ ಮಟ್ಟಿಗೆ ಅದರ ದೊಡ್ಡ ಮಾತು ಇನ್ನೊಂದು. ಅಲ್ಲಿಯವರೆಗೆ ಫೈಬ್ರೊಮಯಾಲ್ಜಿಯಾದಲ್ಲಿ ‘ಪ್ರಾಥಮಿಕ’, ‘ದ್ವಿತೀಯಕ’ ಎಂಬ ಎರಡು ವರ್ಗಗಳಿದ್ದವು. ಬೇರೆ ರೋಗವಿದ್ದವರಿಗೆ ಬಂದರೆ ಅದು ಎರಡನೆಯ ದರ್ಜೆಯದು. 1990ರ ಸಮಿತಿ ಈ ಭೇದ ತೆಗೆಯಿತು. ಎಕ್ಸ್‌ರೇ ಅಥವಾ ರಕ್ತಪರೀಕ್ಷೆಯಲ್ಲಿ ಇನ್ನೊಂದು ರೋಗ ಕಂಡರೂ ಇದನ್ನು ತಳ್ಳಿಹಾಕಬೇಕಿಲ್ಲ ಎಂದಿತು. 2010ರಲ್ಲಿ ಮಾನದಂಡ ಬದಲಾಯಿತು. ಒತ್ತಿ ನೋಡುವ ಬಿಂದುಗಳು ಹೋದವು. ಮೈಯ 19 ಭಾಗಗಳಲ್ಲಿ ಎಲ್ಲೆಲ್ಲಿ ನೋವು, ದಣಿವು ಎಷ್ಟು, ನಿದ್ದೆ ಹೇಗಿದೆ, ನೆನಪು ಹೇಗಿದೆ ಎಂದು ಕೇಳಿ ಅಂಕ ಹಾಕುವ ಕ್ರಮ ಬಂತು. ಅಂದರೆ ರೋಗಿಯ ಮಾತಿಗೆ ಬೆಲೆ ಹೆಚ್ಚಿತು. ಆದರೆ ಅದೇ ಕೈಯಿಂದ ಒಂದು ಷರತ್ತೂ ಬಂತು: ಈ ನೋವನ್ನು ವಿವರಿಸಬಲ್ಲ ಬೇರೆ ರೋಗ ಇರಕೂಡದು. 2016ರ ಪರಿಷ್ಕರಣೆ ಮತ್ತೆ ಅದನ್ನು ತೆಗೆದು, ಇತರ ರೋಗಗಳಿದ್ದರೂ ಫೈಬ್ರೊಮಯಾಲ್ಜಿಯಾ ಎಂಬ ನಿರ್ಣಯ ಸಿಂಧು ಎಂದು ಹೇಳಿತು. 26 ವರ್ಷಗಳಲ್ಲಿ ‘ಜೊತೆಗೆ’ ಎಂಬ ಪದ ಒಳಗೆ ಬಂತು, ಹೊರಗೆ ಹೋಯಿತು, ಮತ್ತೆ ಒಳಗೆ ಬಂತು. ಈ ಮೂರೂ ಸಮಿತಿಗಳಲ್ಲಿ ಮುಂದಾಳಾಗಿದ್ದವನು ಫ್ರೆಡರಿಕ್ ವುಲ್ಫ್. ಇದನ್ನು ಪ್ರತ್ಯೇಕ ರೋಗ ಎನ್ನಬೇಕೇ ಎಂದು ಬಹಿರಂಗವಾಗಿ ಸಂಶಯ ಪಟ್ಟವನೂ ಅವನೇ.

ಇದು ಬರೀ ಪದದ ಜಗಳವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಸಂಧಿವಾತದ ತೀವ್ರತೆ ಅಳೆಯಲು ವೈದ್ಯರು ‘ಡಿಎಎಸ್-28’ ಎಂಬ ಲೆಕ್ಕ ಬಳಸುತ್ತಾರೆ. 28 ಕೀಲುಗಳಲ್ಲಿ ಎಷ್ಟು ಊದಿವೆ, ಒತ್ತಿದರೆ ಎಷ್ಟು ನೋಯುತ್ತವೆ, ರಕ್ತದಲ್ಲಿ ಇಎಸ್‌ಆರ್ ಅಥವಾ ಸಿಆರ್‌ಪಿ ಎಷ್ಟು, ರೋಗಿ ತನ್ನ ಸ್ಥಿತಿಗೆ ಎಷ್ಟು ಅಂಕ ಕೊಡುತ್ತಾಳೆ ಎಂಬ ನಾಲ್ಕು ಅಂಶಗಳ ಲೆಕ್ಕ ಅದು. ಫೈಬ್ರೊಮಯಾಲ್ಜಿಯಾ ಇದ್ದವರಿಗೆ ಎಲ್ಲಿ ಒತ್ತಿದರೂ ನೋವು. ಹಾಗಾಗಿ ಬಾವು ಇಳಿದಿದ್ದರೂ ಒಟ್ಟು ಅಂಕ ಏರಿಯೇ ಇರುತ್ತದೆ, ಸಂಧಿವಾತ ಹತೋಟಿಗೆ ಬಂದಿಲ್ಲ ಎಂದು ಮದ್ದಿನ ಪ್ರಮಾಣವೂ ಏರುತ್ತದೆ. ಸಂಧಿವಾತವಿರುವ ಸುಮಾರು ಐವರಲ್ಲಿ ಒಬ್ಬರಿಗೆ ಫೈಬ್ರೊಮಯಾಲ್ಜಿಯಾ ಕೂಡ ಇರುತ್ತದೆ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ.

ನನಗೆ ಆದದ್ದೂ ಇದೇ. ಒಂದು ವರ್ಷದಲ್ಲಿ ಎರಡು ಸಲ ಮೆಥೊಟ್ರೆಕ್ಸೇಟ್ ಏರಿತು. ವಾರಕ್ಕೊಮ್ಮೆ ಗುಳಿಗೆ ನುಂಗಿದ ಮರುದಿನ ವಾಕರಿಕೆ, ಬಾಚಿದರೆ ಕೂದಲು, ಲಿವರ್ ಪರೀಕ್ಷೆಯಲ್ಲಿ ಏರಿದ ಅಂಕಿ. ಬೆರಳಿನ ಬಾವು ಎಂದೋ ಹೋಗಿತ್ತು. ಹೆಗಲು, ತೊಡೆ, ಬೆನ್ನು ಕಡಿಯುವುದು ನಿಂತಿರಲಿಲ್ಲ; ಎಂಟು ತಾಸು ಮಲಗಿ ಎದ್ದರೂ ಮಲಗಿದ ಹಾಗೆ ಅನಿಸುತ್ತಿರಲಿಲ್ಲ; ಓದಿದ ಪುಟ ಮುಂದಿನ ಪುಟಕ್ಕೆ ಬರುವಷ್ಟರಲ್ಲಿ ಮರೆಯುತ್ತಿತ್ತು. ನಾನು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ‘ವರದಿ ಚಲೋನೇ ಅದಲ್ಲವಾ’ ಎನ್ನುತ್ತಿದ್ದರು. ಬೇರೊಬ್ಬ ವೈದ್ಯರು ಕೀಲುಗಳನ್ನು ಒತ್ತಿ ನೋಡಿ, ಕೀಲು ಬಿಟ್ಟು ನಡುವಿನ ಮೈಯನ್ನೂ ಒತ್ತಿ ನೋಡಿ, ನಿದ್ದೆಯ ಬಗ್ಗೆ ಕೇಳಿ, ಎರಡನೆಯ ಹೆಸರು ಬರೆದರು. ಮೆಥೊಟ್ರೆಕ್ಸೇಟ್ ಇಳಿಯಿತು. ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್ ಸೇರಿತು, ದಿನಾ ನಡಿಗೆ ಸೇರಿತು. ಯುರೋಪಿನ ತಜ್ಞರ ಒಕ್ಕೂಟ 2016ರಲ್ಲಿ ಫೈಬ್ರೊಮಯಾಲ್ಜಿಯಾದ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿದಾಗ ಬಲವಾದ ಶಿಫಾರಸು ಪಡೆದದ್ದು ವ್ಯಾಯಾಮ ಒಂದೇ. ಸಂಧಿವಾತಕ್ಕೆ ಬಾವು ಇಳಿಸುವ ಮದ್ದು ಬೇಕು, ಇಲ್ಲವಾದರೆ ಕೀಲು ಕೆಡುತ್ತದೆ. ಇದಕ್ಕೆ ಆ ಮದ್ದು ನಾಟುವುದೇ ಇಲ್ಲ. ಎರಡಕ್ಕೂ ಒಂದೇ ಹೆಸರಿದ್ದರೆ ಒಂದರ ಮದ್ದು ಇನ್ನೊಂದರ ಲೆಕ್ಕಕ್ಕೆ ಮೈಗೆ ಬೀಳುತ್ತದೆ.

ನಮ್ಮ ಕಡೆ ಮೂರನೆಯ ಸಾಧ್ಯತೆಯೂ ಇದೆ, ನೀರು. ವಿಜಯಪುರ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ಎಂಬುದು ನಮ್ಮ ದೇಶದ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಆಮೇಲೆ ಎಲುಬಿಗೆ ಇಳಿಯುತ್ತದೆ. ನಮ್ಮ ದೇಶದಲ್ಲಿ ಇದು 1937ರಲ್ಲೇ ನೆಲ್ಲೂರು ಜಿಲ್ಲೆಯಿಂದ ವರದಿಯಾಗಿತ್ತು. ಶುರುವಿನಲ್ಲಿ ಅದು ಕೊಡುವ ಕೀಲುನೋವು, ಬೆನ್ನಿನ ಬಿಗಿತ ಸಂಧಿವಾತದಂತೆಯೇ ಇರುತ್ತದೆ. ಐವತ್ತು ದಾಟಿದ ನಮ್ಮೂರ ಹೆಂಗಸೊಬ್ಬಳು ‘ಮೈ ಎಲ್ಲಾ ಕಡೀತದ’ ಎಂದರೆ ಅದರಲ್ಲಿ ಸವೆದ ಮಂಡಿ ಎಷ್ಟು, ನೀರು ಎಷ್ಟು, ನರವ್ಯೂಹ ಎಷ್ಟು ಎಂದು ಬಿಡಿಸಿ ನೋಡಲು ಸಮಯ ಬೇಕು, ಕೇಳುವ ಕಿವಿ ಬೇಕು. ಸಿಗುವುದು ಒಂದು ಸೂಜಿ, ಒಂದು ವಾರದ ನೋವಿನ ಗುಳಿಗೆ.

ಹಳ್ಳಿಯ ಬ್ಯಾನಿಯನ್ನು ಎಣಿಸಿದವರೇ ಇಲ್ಲ ಎಂದಲ್ಲ. ಹೆದ್ದಾರಿ ಹಿಡಿದು ಸೊಲ್ಲಾಪುರ ದಾಟಿ ಪುಣೆಯತ್ತ ಹೋದರೆ ಭಿಗವಣ ಎಂಬ ಊರು ಬರುತ್ತದೆ. 1996ರಲ್ಲಿ ಪುಣೆಯ ಡಾ. ಅರವಿಂದ ಚೋಪ್ರಾ ಮತ್ತು ತಂಡದವರು ಅಲ್ಲಿ ಮನೆಮನೆಗೆ ಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕೇಳಿದರು. ನೂರಕ್ಕೆ 18 ಜನರಿಗೆ ಕೀಲು ಅಥವಾ ಸ್ನಾಯುಗಳ ತೊಂದರೆ ಇತ್ತು. ರುಮಟಾಯ್ಡ್ ಎಂದು ಖಚಿತವಾದದ್ದು ನೂರಕ್ಕೆ ಅರ್ಧ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಮಂಡಿ ಸವೆತದವರಿದ್ದಾರೆ, ಸೊಂಟದವರಿದ್ದಾರೆ, ಯಾವ ಹೆಸರೂ ಸರಿಯಾಗಿ ಕೂರದವರೂ ಇದ್ದಾರೆ.

ಕಾಗದದ ಮೇಲೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಫೈಬ್ರೊಮಯಾಲ್ಜಿಯಾ ಅದರಲ್ಲಿಲ್ಲ. ಸಂಧಿವಾತದವರಿಗೆ ಪ್ರಮಾಣಪತ್ರ ಸಿಕ್ಕರೂ ಅದು ಕೀಲು ಎಷ್ಟು ಮಡಚುತ್ತದೆ, ಎಷ್ಟು ಬಲವಿದೆ ಎಂಬುದರ ಮೇಲೆ. ಬೆಳಿಗ್ಗೆ ಎರಡು ತಾಸು ಕೈ ಬಾರದವಳು ಮಧ್ಯಾಹ್ನ ತಪಾಸಣೆಗೆ ಹೋದರೆ ಕೀಲು ಮಡಚುತ್ತದೆ. ಪಿಎಚ್‌.ಡಿ. ಮುಗಿಸಲು ಯುಜಿಸಿ ನಿಯಮ ಮಹಿಳೆಯರಿಗೂ, ಶೇಕಡಾ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಎರಡು ವರ್ಷ ಹೆಚ್ಚು ಕೊಡುತ್ತದೆ. ಹೆಣ್ಣು ಎಂಬ ಕಾರಣಕ್ಕೆ ಆ ಎರಡು ವರ್ಷ ನನಗೆ ಸಿಗುತ್ತವೆ. ಇದೇ ಕಾಯಿಲೆಯ ಗಂಡಸು ಸಂಶೋಧಕನಿಗೆ ಸಿಗುವುದಿಲ್ಲ.

ಜಗತ್ತಿನ ಮಟ್ಟದಲ್ಲಿ ಕಾಗದ ಸ್ವಲ್ಪ ಬದಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರಿಂದ ಜಾರಿಗೆ ಬಂತು. ದೀರ್ಘಕಾಲದ ನೋವು ತಾನೇ ಒಂದು ರೋಗವಾಗಿರಬಹುದು ಎಂದು ಒಪ್ಪಿ ಅದಕ್ಕೆ ಪ್ರತ್ಯೇಕ ವರ್ಗ ಮಾಡಲಾಗಿದೆ. ಫೈಬ್ರೊಮಯಾಲ್ಜಿಯಾ ಈಗ ಅಲ್ಲಿ ಬರುತ್ತದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆ ಪರಿಷ್ಕರಿಸುತ್ತ, ತನಗೆ ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಟಿಪ್ಪಣಿಯಲ್ಲಿ ಸೇರಿಸಿತು. ನೋವೇ ರೋಗ ಎಂಬ, ನಮ್ಮ ‘ಬ್ಯಾನಿ’ ಮೊದಲಿಂದ ಇಟ್ಟುಕೊಂಡಿದ್ದ ಅರ್ಥ ಹೀಗೆ ಅಧಿಕೃತ ಪಟ್ಟಿಗೆ ಬಂದಿದೆ.

ಇದು ಇಂಡಿ ತಾಲ್ಲೂಕಿನ ಆಸ್ಪತ್ರೆಯ ಚೀಟಿಗೆ ಇಳಿಯಲು ಇನ್ನೂ ದಿನ ಬೇಕು. ಅಲ್ಲಿಯವರೆಗೆ ಚರಿತ್ರೆ ಓದುವ ನಮ್ಮಂಥವರು ಮಾಡಬಹುದಾದ ಕೆಲಸವೊಂದಿದೆ. ನಮ್ಮ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಹೆಂಗಸರು ಇನ್ನೂ ಇದ್ದಾರೆ. ಬೀಸುಕಲ್ಲು, ಜೋಳದ ಕೊಯ್ಲು, ಬರಗಾಲದ ಕಾಮಗಾರಿ, ದೂರದಿಂದ ಹೊತ್ತ ನೀರು ಇವೆಲ್ಲದರ ಬಗ್ಗೆ ನಾವು ಅವರನ್ನು ಕೇಳಿ ದಾಖಲಿಸುತ್ತೇವೆ. ಅದೇ ಹೊತ್ತಿನಲ್ಲಿ ಇನ್ನೆರಡು ಪ್ರಶ್ನೆ ಸೇರಿಸಬಹುದು: ಎಲ್ಲಿ ಕಡೀತಿತ್ತವ್ವಾ, ಯಾವ ವಯಸ್ಸಿನಾಗ ಸುರು ಆತು? ಬಾವು ಇತ್ತೋ, ಬರೀ ಬ್ಯಾನಿಯೋ? ಅವರಿಗೆ ಇದರ ಉತ್ತರ ಚೆನ್ನಾಗಿ ಗೊತ್ತಿದೆ. ಕಡಿತ, ಸೆಳೆತ, ಚಳಕುಗಳನ್ನು ಅವರು ಹೇಳಿದ ಮಾತಿನಲ್ಲೇ, ಒಂದನ್ನು ಇನ್ನೊಂದರೊಳಗೆ ಸೇರಿಸದೆ ಬರೆದುಕೊಳ್ಳಬೇಕು.